ಜಗಲಿ ಮೇಲೆ ಕಾವೇರಿ

ಭಾಗಮಂಡಲದಲ್ಲಿ ಮಳೆ ಬಿಡುತ್ತಿಲ್ಲ. ಕರೆಂಟೂ ಇಲ್ಲ. ಮನೆಯಲ್ಲೇ ಪಾಠ ಶುರುವಾಗಿ ಇದು ಎರಡನೇ ಮಳೆಗಾಲ. ಇವತ್ತು ಪುಸ್ತಕ ಮುಚ್ಚಿಟ್ಟು, ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಕಾವೇರಿ ಬರೆದೆವು. ಒಂದು ತುದಿಗೆ ತಲಕಾವೇರಿ, ಇನ್ನೊಂದಕ್ಕೆ ತಮಿಳುನಾಡಿನಲ್ಲಿ ಅದು ಕಡಲು ಸೇರುವ ಪೂಂಪುಹಾರ್. ಸುಮಾರು 800 ಕಿಲೋಮೀಟರ್, ನಮ್ಮ ಒಂಬತ್ತು ಮೊಳದ ಜಗಲಿಯಲ್ಲಿ!

ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ ಅಂತ ಮಗಳು ಮಗ್ಗಿ ಥರ ರಾಗವಾಗಿ ಹೇಳಿದಳು. ಬಾಯಿಪಾಠ ಅಂದರೆ ಮೂಗು ಮುರಿಯುತ್ತಿದ್ದವಳು ನಾನು. ಈಗ ನನಗೇ ಅದರ ರುಚಿ ಹತ್ತಿದೆ.

ಐದು ವರ್ಷದ ಮಗನಿಗೆ, ಕೇಳಿದ್ದನ್ನು ನಿನ್ನ ಮಾತಲ್ಲಿ ಹೇಳು ಅಂದೆ. ಹೇಳಲಿಲ್ಲ. ಸೂರಿನ ನೀರಿಗೆ ಕೈ ಒಡ್ಡಿ, "ಇದೂ ತಮಿಳುನಾಡಿಗೆ ಹೋಗುತ್ತಾ ಅಮ್ಮ?" ಅಂದ. ಹೌದಲ್ವಾ!

ಆಮೇಲೆ ಇಬ್ಬರೂ ಅಂಗಳದಲ್ಲಿ ಕಾಗದದ ದೋಣಿ ಬಿಟ್ಟರು. ನನ್ನ ಕಾಫಿ ಲೆಕ್ಕದ ಹಾಳೆಯಲ್ಲಿ.