ಹಸುವಿನ ಹಾಲಿನ ಲಿಪೊಪ್ರೋಟೀನ್ ಲೈಪೇಸ್: ಶುದ್ಧೀಕರಣದ ಪ್ರಗತಿ ಟಿಪ್ಪಣಿ

ಹಸುವಿನ ಹಸಿ ಹಾಲಿನಲ್ಲಿ ಕೊಬ್ಬನ್ನು ಒಡೆಯುವ ಈ ಕಿಣ್ವ ಲೀಟರಿಗೆ ಒಂದೆರಡು ಮಿಲಿಗ್ರಾಂನಷ್ಟು ಮಾತ್ರ ಇದ್ದು, ಅದರ ಬಹುಪಾಲು ಕೇಸೀನ್ ಎಂಬ ಹಾಲಿನ ಪ್ರೋಟೀನ್ ಕಣಗಳಿಗೆ ಅಂಟಿಕೊಂಡಿರುತ್ತದೆ. ಪಾಶ್ಚರೀಕರಿಸಿದ ಹಾಲು ಈ ಕೆಲಸಕ್ಕೆ ಒದಗುವುದಿಲ್ಲ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇಟ್ಟರೆ ಚಟುವಟಿಕೆ ಬಹುತೇಕ ನಾಶವಾಗುತ್ತದೆ. ಆದ್ದರಿಂದ ಕರೆದ ಹಾಲನ್ನು ಕೂಡಲೇ ತಣಿಸಿ, ಸೆಂಟ್ರಿಫ್ಯೂಜ್‌ನಲ್ಲಿ ಕೆನೆ ಬೇರ್ಪಡಿಸಿ, ಮುಂದಿನದೆಲ್ಲವನ್ನೂ 4 ಡಿಗ್ರಿಯಲ್ಲಿಯೇ ನಡೆಸುತ್ತಿದ್ದೇನೆ.

ಕೆನೆ ತೆಗೆದ ಹಾಲಿಗೆ ಉಪ್ಪು ಬೆರೆಸಿದಾಗ ಕಿಣ್ವ ಕೇಸೀನ್‌ನಿಂದ ಬಿಡಿಸಿಕೊಳ್ಳುತ್ತದೆ, ಹೆಪಾರಿನ್ (ಸಕ್ಕರೆ ಸರಪಳಿಯಂತಹ ಒಂದು ಅಣು) ಜೋಡಿಸಿದ ಅಗರೋಸ್ ಮಣಿಗಳನ್ನು ತುಂಬಿದ ಕಾಲಮ್ (ಕೊಳವೆ) ಅದನ್ನು ಹಿಡಿದುಕೊಳ್ಳುತ್ತದೆ. 1972ರಲ್ಲಿ ಎಗೆಲ್ರುಡ್ ಮತ್ತು ಒಲಿವೆಕ್ರೋನಾ ಪ್ರಕಟಿಸಿದ ವಿಧಾನದ ತಿರುಳು ಇದೇ. ಲ್ಯಾಕ್ಟೋಫೆರಿನ್‌ನಂತಹ ಇತರ ಪ್ರೋಟೀನ್‌ಗಳೂ ಹೆಪಾರಿನ್‌ಗೆ ಅಂಟುವುದರಿಂದ ಉಪ್ಪಿನ ಸಾಂದ್ರತೆಯನ್ನು ನಿಧಾನವಾಗಿ ಏರಿಸುವುದು ಅಗತ್ಯ. ಎರಡು ಉಪಘಟಕಗಳು ಕೂಡಿದ ಸಕ್ರಿಯ ಕಿಣ್ವ 1 ಮೋಲಾರ್‌ಗಿಂತ ಹೆಚ್ಚಿನ ಉಪ್ಪಿನಲ್ಲಿ ಕೆಳಗಿಳಿಯುತ್ತದೆ. ಬಿಡಿಯಾದ, ನಿಷ್ಕ್ರಿಯ ಉಪಘಟಕಗಳು ಅದಕ್ಕಿಂತ ಮೊದಲೇ ಬಂದುಬಿಡುತ್ತವೆ. ಎರಡರ ತೂಕವೂ, ಉಪಘಟಕಗಳನ್ನು ಬಿಡಿಸಿ ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಸುಮಾರು 55 ಕಿಲೋಡಾಲ್ಟನ್ ಎಂದೇ ಕಾಣುವುದರಿಂದ, ಒಂದೇ ಪಟ್ಟಿ ಬಂದಿತೆಂಬ ಮಾತ್ರಕ್ಕೆ ಶುದ್ಧೀಕರಣ ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಪ್ರತಿ ಭಾಗದ ಚಟುವಟಿಕೆಯನ್ನೂ ಅಳೆಯಲೇಬೇಕು.

ಅಳತೆಗೆ ಟ್ರೈಓಲೀನ್ ಎಂಬ ಕೊಬ್ಬಿನ ಎಮಲ್ಷನ್ (ನೀರಿನಲ್ಲಿ ಸಣ್ಣ ಹನಿಗಳಾಗಿ ಹರಡಿದ ಮಿಶ್ರಣ) ಬಳಸಿ, ಪಿಎಚ್ 8.5ರ ಆಸುಪಾಸಿನಲ್ಲಿ ಬಿಡುಗಡೆಯಾಗುವ ಕೊಬ್ಬಿನಾಮ್ಲವನ್ನು ಗಮನಿಸುತ್ತೇನೆ. ಆ ಆಮ್ಲವೇ ಕಿಣ್ವವನ್ನು ತಡೆಯದಂತೆ ಆಲ್ಬುಮಿನ್ ಬೆರೆಸಿರುತ್ತೇನೆ, ಕಿಣ್ವವನ್ನು ಚುರುಕುಗೊಳಿಸುವ ಅಪೊಲಿಪೊಪ್ರೋಟೀನ್ ಸಿ-2 ಎಂಬ ಪ್ರೋಟೀನ್ ದೊರೆಯಲೆಂದು ಕಾಯಿಸಿದ ಸೀರಮ್ ಸೇರಿಸುತ್ತೇನೆ. ಕಾಲಮ್‌ನಿಂದ ಬಂದ ದ್ರಾವಣದ ಉಪ್ಪು ಕಿಣ್ವವನ್ನು ಶೇಖರಣೆಯಲ್ಲಿ ಕಾಪಾಡುತ್ತದೆಯಾದರೂ ಅದೇ ಉಪ್ಪು ಅಳತೆಯಲ್ಲಿ ಅದನ್ನು ತಡೆಯುತ್ತದೆ. ಹಾಗಾಗಿ ಅತಿ ಚಿಕ್ಕ ಪ್ರಮಾಣವನ್ನಷ್ಟೇ ಹಾಕಿ ಉಪ್ಪನ್ನು ತೆಳುವಾಗಿಸುವುದು ಕಡ್ಡಾಯ.

ಗುರುತಿನ ಎರಡು ಪರೀಕ್ಷೆಗಳು ಸದ್ಯ ತೃಪ್ತಿಕರವಾಗಿವೆ. ಸೀರಮ್ ಇಲ್ಲದಿದ್ದಾಗ ಚಟುವಟಿಕೆ ಗಣನೀಯವಾಗಿ ಕುಸಿಯುತ್ತದೆ, 1 ಮೋಲಾರ್ ಉಪ್ಪಿನಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಯಕೃತ್ತಿನ ಲೈಪೇಸ್ ಅಷ್ಟು ಉಪ್ಪಿನಲ್ಲಿಯೂ ಕೆಲಸ ಮಾಡುವುದರಿಂದ ನನ್ನ ಕೈಯಲ್ಲಿರುವುದು ಲಿಪೊಪ್ರೋಟೀನ್ ಲೈಪೇಸ್ ಎಂಬುದಕ್ಕೆ ಇದು ಬಲವಾದ ಆಧಾರ. ಉಪ್ಪನ್ನು ತೆಗೆದ ಮಾದರಿ ಬೇಗನೆ ಶಕ್ತಿಗುಂದುವುದು ಇನ್ನೂ ಬಗೆಹರಿಯದ ತೊಡಕು. ಗ್ಲಿಸರಾಲ್ ಮತ್ತು ಹೆಪಾರಿನ್ ಎರಡೂ ಸ್ಥಿರತೆ ಕೊಡುತ್ತವೆ. ಒಂದೇ ತಾಪಮಾನದಲ್ಲಿ ಅವುಗಳನ್ನು ಪ್ರತ್ಯೇಕವಾಗಿಯೂ ಒಟ್ಟಾಗಿಯೂ ಹೋಲಿಸಿದ ಬಳಿಕವೇ ಪಿಎಚ್‌ಗೆ ತಕ್ಕಂತೆ ಚಟುವಟಿಕೆ ಬದಲಾಗುವುದನ್ನು ತೋರಿಸುವ ರೇಖೆಯನ್ನು ಬಿಡಿಸಲಿದ್ದೇನೆ.