ಸಂಬಳ ಕೊಟ್ಟ ಮೇಲೂ ಥ್ಯಾಂಕ್ಸಾ?

ಇಲ್ಲಿ ಉಗಾಂಡದ ಕಂಪಾಲಾದಲ್ಲಿ ನಮ್ಮ ಪಕ್ಕದ ಮನೆಯ ನಾಲೊಂಗೊ ಹೋದ ವಾರ ನಗ್ತಾ ನಗ್ತಾ ಒಂದು ಮಾತು ಅಂದರು. "ನಿಮ್ಮ ಇಂಡಿಯಾದವರ ಲುಗಾಂಡ ಬಹಳ ಸುಲಭ. ಲೇಟ, ಜಂಗು, ಗೆಂಡ, ಯಂಗುವ. ಅಷ್ಟರಲ್ಲೇ ಅಂಗಡಿ ನಡೆದುಹೋಗುತ್ತೆ."

ಇಲ್ಲಿನವರ ಭಾಷೆ ಲುಗಾಂಡದಲ್ಲಿ ಹಾಗಂದರೆ ತಾ, ಬಾ, ಹೋಗು, ಬೇಗ. ನಾನೂ ನಕ್ಕೆ. ಮನೆಯೊಳಗೆ ಬಂದ ಮೇಲೆ ಚುಚ್ಚಿತು.

ಆಕೆ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಕಂಪಾಲಾದಲ್ಲಿ ನಮ್ಮವರ ಅಂಗಡಿಗಳಲ್ಲಿ ಸ್ವಲ್ಪ ಹೊತ್ತು ನಿಂತರೆ ಕಿವಿಗೆ ಬೀಳೋದು ಇದೇ. ಅಂಕಿ ಬರುತ್ತೆ, ಅಪ್ಪಣೆ ಬರುತ್ತೆ, ಅಲ್ಲಿಗೆ ಭಾಷೆ ಮುಗೀತು. ಎಲ್ಲರೂ ಹಾಗಲ್ಲ, ಹಳೇ ಗುಜರಾತಿ ಮನೆತನಗಳಲ್ಲಿ ಕೆಲವರು ಇಲ್ಲಿಯವರಷ್ಟೇ ಸರಾಗವಾಗಿ ಮಾತಾಡುತ್ತಾರೆ. ನನಗೆ ನಗು ಬರೋದು ನಮ್ಮ ಕನ್ನಡದವರನ್ನು ನೋಡಿದಾಗ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲ್ಲ ಅಂತ ವಾಟ್ಸಾಪಿನಲ್ಲಿ ರಾತ್ರಿಯೆಲ್ಲ ಜಗಳ. ಬೆಳಿಗ್ಗೆ ಎದ್ದರೆ ವಾಚ್‌ಮನ್‌ಗೆ "ಜಂಗು, ಜಂಗು!"

1972ರಲ್ಲಿ ಇಲ್ಲಿನ ಸರ್ವಾಧಿಕಾರಿ ಈದಿ ಅಮೀನ್ ಏಷ್ಯಾದವರಿಗೆ 90 ದಿನಗಳ ಗಡುವು ಕೊಟ್ಟು ದೇಶ ಬಿಡಿಸಿದ್ದು ಕ್ರೂರ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗ ಇಲ್ಲಿನ ಎಷ್ಟೋ ಜನಕ್ಕೆ ಅದು ಸರಿ ಅನ್ನಿಸಿದ್ದು ಯಾಕೆ ಅನ್ನೋದಕ್ಕೆ ಉತ್ತರದ ಒಂದು ಚೂರು ಆ ನಾಲ್ಕು ಪದಗಳಲ್ಲಿದೆ ಅಂತ ನನಗನ್ನಿಸುತ್ತೆ.

ನಾಲೊಂಗೊ ಅನ್ನೋದು ಆಕೆಯ ಹೆಸರಲ್ಲ. ಅವಳಿ ಮಕ್ಕಳ ತಾಯಿ ಅಂತ ಅರ್ಥ. ಕಂಪಾಲಾ ಇರುವ ಈ ಬುಗಾಂಡ ಸೀಮೆಯಲ್ಲಿ ಅವಳಿ ಹೆತ್ತರೆ ಅದು ದೊಡ್ಡ ಮರ್ಯಾದೆ. ಅಮ್ಮ ನಾಲೊಂಗೊ, ಅಪ್ಪ ಸಾಲೊಂಗೊ. ಮೊದಲ ಹೆಸರು ಆಮೇಲೆ ಬೀದಿಯವರಿಗೆ ಮರೆತೇ ಹೋಗುತ್ತೆ. ಮಕ್ಕಳ ಹೆಸರೂ ಮೊದಲೇ ಸಿದ್ಧ. ಗಂಡಾದರೆ ವಾಸ್ವ, ಕಾಟೊ. ಹೆಣ್ಣಾದರೆ ಬಬಿರ್ಯೆ, ನಕಾಟೊ. ಅವಳಿಗಳ ನಂತರ ಹುಟ್ಟಿದ ಮಗುವಿಗೂ ಹೆಸರು ಕಾದಿರುತ್ತೆ, ಕಿಜ್ಜಾ. ನಾಮಕರಣಕ್ಕೆ ನಮ್ಮ ಮನೆಯಲ್ಲಿ ನಡೆದ ರಾಮಾಯಣ ನೆನೆಸಿಕೊಂಡರೆ ಈ ಪದ್ಧತಿ ವಾಸಿ.

ನನ್ನ ಮಗಳು ಲುಗಾಂಡ ಕಲಿತದ್ದು ಆ ಮನೆಯ ನಕಾಟೊ ಜೊತೆ ಆಡಿ ಆಡಿ. ಪದದ ಮುಂದಿನ ಅಕ್ಷರ ಬದಲಾದರೆ ಅರ್ಥ ಬದಲಾಗೋದು ಅವಳಿಗೆ ಬಲು ಇಷ್ಟ. ಒಬ್ಬ ಮುಗಾಂಡ, ಹಲವರು ಬಗಾಂಡ, ಅವರ ನಾಡು ಬುಗಾಂಡ, ನುಡಿ ಲುಗಾಂಡ. ನಾವು ಬಯಿಂಡಿ. ನಮ್ಮ ಭಾಷೆ ಲುಯಿಂಡಿ ಅಂತ ಬೀದಿಯ ಮಕ್ಕಳೆಲ್ಲ ಹೇಳಿದ್ದಕ್ಕೆ ಇವಳಿಗೆ ಸಿಟ್ಟು ಬಂದು, "ನಮ್ಮದು ಲುಯಿಂಡಿ ಅಲ್ಲ, ಲುಕನ್ನಡ" ಅಂತ ಜಗಳ ಮಾಡಿ ಬಂದಿದ್ದಳು. ಅವತ್ತು ನಮ್ಮನೆಯಲ್ಲಿ ಪಾಯಸ ಮಾಡಿದೆ.

ನಮಗೆ ಈ ಭಾಷೆಯ ಉಚ್ಚಾರ ಕಷ್ಟವಲ್ಲ. ಒಕುಟ ಅಂದರೆ ಬಿಟ್ಟುಬಿಡೋದು, ಒಕುಟ್ಟ ಅಂದರೆ ಕೊಲ್ಲೋದು. ಇಂಗ್ಲಿಷಿನವರು ಇಲ್ಲಿ ಎಡವುತ್ತಾರೆ. ಒತ್ತಕ್ಷರ ಬರೆದು ಬೆಳೆದ ನಮಗೆ ಏನು ಭಯ? ಅಂಗಡಿ ಡೂಕ, ಚಪಾತಿ ಚಪಾತಿಯೇ. ಮದುವೆ ಮನೆಯಲ್ಲಿ ಹೆಂಗಸರು ಉಡುವ, ಭುಜ ಎದ್ದು ನಿಲ್ಲುವ ಗೊಮೆಸಿಗೆ ಹೆಸರು ಬಂದದ್ದು ಗೋವಾ ಮೂಲದ ಗೋಮ್ಸ್ ಅನ್ನೋ ದರ್ಜಿಯಿಂದ. ಊಟದಲ್ಲೂ ಗೊಂದಲವಿಲ್ಲ. ಮಟೋಕೆ ಅನ್ನೋ ಬೇಯಿಸಿದ ಬಾಳೆಕಾಯಿ, ಮರಗೆಣಸು ಇಂಥವು ಎಮ್ಮೆರೆ. ಜೊತೆಗೆ ಹಾಕಿಕೊಳ್ಳುವ ಕಡಲೆಕಾಯಿ ಗೊಜ್ಜು, ಹುರುಳಿಕಾಯಿ ಬೀಜದ ಸಾರು ಎನ್ವ. ನಮ್ಮ ಮುದ್ದೆ, ಸಾರಿನ ಲೆಕ್ಕವೇ.

ಆ ಎಮ್ಮೆರೆ ತಿಂದು ಏಳುವಾಗ ಬಡಿಸಿದವರಿಗೆ ಒಂದು ಮಾತು ಹೇಳಬೇಕು. "ವೇಬಲೆ ಕುಫುಂಬ." ಅಡುಗೆ ಮಾಡಿದ್ದಕ್ಕೆ ಥ್ಯಾಂಕ್ಸ್. ಅವರು ತಿರುಗಿ "ವೇಬಲೆ ಕುಲ್ಯ" ಅಂತಾರೆ, ಊಟ ಮಾಡಿದ್ದಕ್ಕೆ ಥ್ಯಾಂಕ್ಸ್. ಗಾಡಿ ಓಡಿಸಿದವನಿಗೆ ಒಂದು, ಹೆತ್ತವಳಿಗೆ ಒಂದು. ದಾರಿ ಬದಿಯಲ್ಲಿ ಗುದ್ದಲಿ ಹಿಡಿದವನ ಗುರುತೇ ಇರಲ್ಲ, ಆದರೂ ಹಾದು ಹೋಗುವವರು "ಜೆಬಲೆಕೊ" ಅಂತಾರೆ, ಕೆಲಸ ಮಾಡ್ತಿರೋದಕ್ಕೆ ಥ್ಯಾಂಕ್ಸ್. ಅವನು ಮಾಡ್ತಿರೋದು ನಮ್ಮ ಕೆಲಸ ಅಲ್ಲ, ಅವನದೇ ಕೆಲಸ. ಆದರೂ.

ಹಾಗಂತ ಇದು ಸ್ವರ್ಗ ಅಲ್ಲ. ಇಲ್ಲೂ ಮನೆಗೆಲಸದ ಹುಡುಗಿಯರ ಸಂಬಳ ಕೇಳಿದರೆ ಹೊಟ್ಟೆ ಉರಿಯುತ್ತೆ, ವೇಬಲೆಯಿಂದ ಅದೇನೂ ಜಾಸ್ತಿಯಾಗಿಲ್ಲ. ಹೆಂಗಸರು, ಹುಡುಗಿಯರು ಗಂಡಸರಿಗೆ, ಹಿರಿಯರಿಗೆ ಮಂಡಿಯೂರಿ ವಂದಿಸುವ ಪದ್ಧತಿಯಿದೆ. ಮಗಳು ಅದನ್ನೂ ಕಲಿತಿದ್ದಾಳೆ. ನನಗೆ ಹಿಡಿಸಿಲ್ಲ.

ಮೈಸೂರಿನಲ್ಲಿ ಮಾತ್ರ ಅದು ಎಲ್ಲರಿಗೂ ಹಿಡಿಸಿತು. ಮೇ ರಜೆಗೆ ಹೋದಾಗ ತಾತನ ಮುಂದೆ ಮಂಡಿಯೂರಿದಳು. "ಆಫ್ರಿಕಾದಲ್ಲಿದ್ದರೂ ಮಗೂನ ಎಷ್ಟು ಚೆನ್ನಾಗಿ ಬೆಳೆಸಿದ್ದೀಯ" ಅಂತ ಚಿಕ್ಕಮ್ಮ ಹೊಗಳಿದರು. ಆ 'ದಲ್ಲಿದ್ದರೂ' ನನಗೆ ಕೇಳಿಸಿತು, ಸುಮ್ನಿದ್ದೆ.

ಮಾರನೇ ದಿನ ಕೆಲಸದಾಕೆ ಬಚ್ಚಲು ಉಜ್ಜಿ ಹೊರಗೆ ಬಂದರು. ಮಗಳು ಎದುರಿಗೆ ಹೋಗಿ, "ಬಚ್ಚಲು ತೊಳೆದಿದ್ದಕ್ಕೆ ಥ್ಯಾಂಕ್ಸ್ ಆಂಟಿ" ಅಂದಳು. ಆಕೆ ಗಾಬರಿಯಾಗಿ ಅಮ್ಮನ ಮುಖ ನೋಡಿದರು. ಮಗು ಆಡಿಕೊಳ್ತಿದೆ ಅಂದುಕೊಂಡರೋ ಏನೋ.

"ಅವಳಿಗೆ ತಿಂಗಳಾ ತಿಂಗಳಾ ಸಂಬಳ ಕೊಡ್ತೀವಲ್ಲ ಪುಟ್ಟಿ. ಸಂಬಳ ಕೊಟ್ಟ ಮೇಲೂ ಥ್ಯಾಂಕ್ಸಾ?" ಅಮ್ಮ ನಕ್ಕರು.

ಮಗಳು ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ನಿಂಗೆ ಯಾರು ಹೇಳ್ತಾರೆ ಅಜ್ಜಿ? ನಿಂಗೆ ಸಂಬಳ ಕೊಡಲ್ವಲ್ಲ."

ಹಾಲ್‌ನಲ್ಲಿ ಅಪ್ಪ ಪೇಪರ್ ಓದ್ತಿದ್ದರು. ಪುಟ ತಿರುಗಿಸೋ ಸದ್ದು ನಿಂತಿತು.

"ನಂಗ್ಯಾಕೆ ಬೇಕು? ಇದು ನನ್ನ ಮನೆ" ಅಂದರು ಅಮ್ಮ. ಹಾಲು ಉಕ್ಕುತ್ತೆ ಅಂತ ಒಳಗೆ ಹೋದರು. ಒಲೆ ಮೇಲೆ ಹಾಲೇ ಇರಲಿಲ್ಲ.

ಮನೆಯವರಿಗೆಲ್ಲ ಥ್ಯಾಂಕ್ಸ್ ಹೇಳಿದರೆ ದೂರ ಮಾಡಿದ ಹಾಗೆ ಅಂತ ನಮ್ಮಲ್ಲಿ ಹೇಳ್ತಾರೆ. ಅರ್ಧ ಒಪ್ಪುತ್ತೇನೆ. ಫೋನ್ ಮಾಡಿದ ಕೂಡಲೇ "ಊಟ ಆಯ್ತಾ?" ಅಂತ ಕೇಳೋ ಅಮ್ಮನಿಗೆ ನಾನು ಯಾವತ್ತೂ ಥ್ಯಾಂಕ್ಸ್ ಅಂದಿಲ್ಲ, ಆಕೆಗೂ ಅದು ಬೇಕಿಲ್ಲ. ಆದರೆ ಈ ಹತ್ತಿರದ ಲೆಕ್ಕ ಬಚ್ಚಲು ಉಜ್ಜುವವರಿಗೆ ಹೇಗೆ ಹೊಂದುತ್ತೆ? ಆಕೆಯ ಕಾಫಿ ಲೋಟ ಹಿತ್ತಲ ಕಿಟಕಿಯ ಮೇಲೆ ಬೇರೆ ಇರುತ್ತೆ. ಹತ್ತಿರವೂ ಅಲ್ಲ, ಥ್ಯಾಂಕ್ಸೂ ಇಲ್ಲ. ಆ ಲೋಟ ಯಾಕೆ ಅಲ್ಲಿದೆ ಅಂತ ಮಗಳು ಇನ್ನೂ ಕೇಳಿಲ್ಲ. ಮುಂದಿನ ರಜೆಗೆ ಕೇಳುತ್ತಾಳೆ, ನನಗೆ ಗೊತ್ತು. ಅಷ್ಟರೊಳಗೆ ಅಮ್ಮನ ಹತ್ತಿರ ನಾನೇ ಮಾತಾಡಬೇಕು.

ಇನ್ನು ಅಪ್ಪ. ಅವರು ಸುಮ್ನೆ ಉಂಡು ಎದ್ದರೆ ಅಡುಗೆ ಚೆನ್ನಾಗಿತ್ತು ಅಂತ ಅರ್ಥ. ಬಾಯಿ ಬಿಟ್ಟರೆ ಉಪ್ಪೋ ಹುಳಿಯೋ ಕೆಟ್ಟಿದೆ. ನನಗೆ ಬುದ್ಧಿ ಬಂದಾಗಿನಿಂದ ನಮ್ಮನೆ ನಡೆದಿರೋದು ಹೀಗೇ. ಅಮ್ಮ ಅವರ ಮೌನವನ್ನೇ ಸರ್ಟಿಫಿಕೇಟ್ ಅಂತ ಇಟ್ಟುಕೊಂಡವರು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತರು. ಎರಡನೇ ಸಲ ಅನ್ನ ಕಲಸಿ, ಎಲ್ಲೋ ನೋಡ್ತಾ, "ಸಾರು ಚೆನ್ನಾಗಿದೆ" ಅಂದರು.

ಅಮ್ಮ ಸೌಟು ಕೆಳಗಿಟ್ಟು ಹತ್ತಿರ ಬಂದರು. "ಯಾಕ್ರೀ, ಹುಷಾರಿದೀರಾ? ಬಿಪಿ ಮಾತ್ರೆ ತಗೊಂಡ್ರಾ ಇಲ್ವಾ?"