ಒಂಬತ್ತನೇ ಮಹಡಿಯ ಏಸಿ, ಪಕ್ಕದ ಮನೆಯ ಕಿಟಕಿ

2023ರ ಮೇ 13ನ್ನು ನಮ್ಮ ಮನೆಯಲ್ಲಿ ಯಾರೂ ಮರೆಯುವ ಹಾಗಿಲ್ಲ. ಅವತ್ತು ಕರ್ನಾಟಕ ವಿಧಾನಸಭೆ ಚುನಾವಣೆಯ ಮತ ಎಣಿಕೆ. ತೀರ್ಥಹಳ್ಳಿಯಿಂದ ಸಿಂಗಪುರದ ನಮ್ಮ ಮನೆಗೆ ಬಂದಿದ್ದ ಅಪ್ಪ ಇಲ್ಲಿನ ಹತ್ತೂವರೆಗೇ, ಅಂದರೆ ಅಲ್ಲಿ ಬೆಳಿಗ್ಗೆ ಎಂಟು ಗಂಟೆಗೆ, ಟಿವಿ ಮುಂದೆ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಬನಿಯನ್ನೂ ತೆಗೆದು, ಒದ್ದೆ ಟವೆಲ್ ಹೆಗಲ ಮೇಲೆ ಹಾಕಿಕೊಂಡಿದ್ದರು. "ಎಂಥ ಸೆಕೆ ಮಾರಾಯ್ತಿ, ಫ್ಯಾನೂ ಬಿಸಿ ಗಾಳಿನೇ ಬೀಸ್ತಿದೆ" ಅಂದರು. ಆಮೇಲೆ ಸುದ್ದಿ ನೋಡಿದರೆ ಅವತ್ತು ಸಿಂಗಪುರದಲ್ಲಿ 37 ಡಿಗ್ರಿ. 1983ರ ಏಪ್ರಿಲ್ ದಾಖಲೆಗೆ ಸಮ. ಅದನ್ನು ಅಳೆದಿದ್ದು ಬೇರೆಲ್ಲೂ ಅಲ್ಲ, ನಾವಿರುವ ಆಂಗ್ ಮೋ ಕಿಯೋದಲ್ಲೇ.

ಅಪ್ಪನಿಗೆ ಆಗ 74 ವರ್ಷ, ಬಿಪಿ ಬೇರೆ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಅಡುಗೆಮನೆಯ ನೆಲದ ಮೇಲೆ ಚಾಪೆಯೂ ಇಲ್ಲದೆ ಮಲಗಿದ್ದರು. ಏಸಿ ಹಾಕಿಸಲೇಬೇಕು ಅಂತ ಆವತ್ತೇ ಮಾತಾಡಿಕೊಂಡೆವು.

ನಮ್ಮದು 1978ರಲ್ಲಿ ಕಟ್ಟಿದ ಎಚ್‌ಡಿಬಿ ಬ್ಲಾಕ್. 12 ಮಹಡಿ, ಉದ್ದಕ್ಕೆ ಹಾದುಹೋಗುವ ಕಾರಿಡಾರು, ಪ್ರತಿ ಮನೆಗೂ ಮರದ ಬಾಗಿಲು, ಅದರ ಮುಂದೆ ಕಬ್ಬಿಣದ ಗೇಟು. ಎಚ್‌ಡಿಬಿ ಅಂದರೆ ಇಲ್ಲಿನ ವಸತಿ ಮಂಡಳಿ. 1960ರಲ್ಲಿ ಶುರುವಾಗಿದ್ದು. ಈ ದೇಶದಲ್ಲಿ ನೆಲೆಸಿದ ನೂರರಲ್ಲಿ ಸುಮಾರು ಎಂಬತ್ತು ಜನ ಇರುವುದು ಅದು ಕಟ್ಟಿಸಿದ ಮನೆಗಳಲ್ಲೇ. ಲೀ ಕ್ವಾನ್ ಯೂ ಪ್ರಧಾನಿಯಾದ ಮೇಲೆ ಮೊದಲು ಮಾಡಿದ ಕೆಲಸಗಳಲ್ಲಿ ಸರ್ಕಾರಿ ಕಚೇರಿಗಳಿಗೆ ಏಸಿ ಹಾಕಿಸಿದ್ದೂ ಒಂದು, ಅದನ್ನು ಅವರೇ ಹೇಳಿಕೊಂಡಿದ್ದರು. ಆದರೆ ಜನ ವಾಸ ಮಾಡುವ ಈ ಹಳೆಯ ಬ್ಲಾಕುಗಳನ್ನು ಕಟ್ಟಿದ್ದು ಗಾಳಿಯನ್ನು ನಂಬಿಕೊಂಡು. ಮುಂದೆ ಬಾಗಿಲು, ಹಿಂದೆ ಅಡುಗೆಮನೆಯ ಕಿಟಕಿ. ಎರಡೂ ತೆರೆದರೆ ಗಾಳಿ ಮನೆಯ ಮಧ್ಯದಿಂದ ಹಾದುಹೋಗಬೇಕು. ನಿಜ ಹೇಳಬೇಕೆಂದರೆ ಎಷ್ಟೋ ದಿನ ಹಾಗೇ ಹಾದುಹೋಗುತ್ತದೆ, ತುಂಬಾ ಒಳ್ಳೆಯ ಮನೆಗಳು ಇವು.

ಏಸಿ ಹಾಕಿಸುವುದು ಅಂದರೆ ಅಂಗಡಿಗೆ ಹೋಗಿ ಕಂಪನಿ ಆರಿಸುವುದು ಅಂದುಕೊಂಡಿದ್ದೆ. ಮೊದಲು ನೋಡಬೇಕಾಗಿದ್ದು ಬಾಗಿಲ ಮೇಲಿನ ಮೇನ್ ಸ್ವಿಚ್ಚು. ನಮ್ಮದು 30 ಆಂಪ್, ಅಂದರೆ ಇಡೀ ಮನೆ ಒಂದೇ ಹೊತ್ತಿಗೆ ಎಳೆಯಬಹುದಾದ ಕರೆಂಟಿನ ಮಿತಿ ಅಷ್ಟು. ಎಲೆಕ್ಟ್ರಿಷಿಯನ್ ಸ್ಟೂಲ್ ಹತ್ತಿ ನೋಡಿ, ಇಳಿದು ಬಂದು, ನಮ್ಮ ವಿದ್ಯುತ್ ಬಿಲ್ಲಿನ ಹಿಂದೆಯೇ ಲೆಕ್ಕ ಬರೆದು ತೋರಿಸಿದರು. ಸ್ನಾನದ ಹೀಟರಿಗೆ 14 ಆಂಪ್. ನೀರು ಕಾಯಿಸುವ ಕೆಟಲಿಗೆ 10. ಎರಡು ರೂಮಿನ ಏಸಿ ಜೋರಾಗಿ ಓಡಿದರೆ 8ರ ಆಸುಪಾಸು. ಮೂರೂ ಒಟ್ಟಿಗೆ ಬಂದರೆ 32. ಫ್ರಿಜ್ಜು, ವಾಷಿಂಗ್ ಮಶೀನು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯಲ್ಲಿ ಆಗುವುದು ಅದೇ ಅಲ್ವಾ? ಒಬ್ಬರು ಸ್ನಾನಕ್ಕೆ, ಒಬ್ಬರು ಕಾಫಿಗೆ, ಮಗಳು ಏಸಿ ಹಾಕಿಕೊಂಡು ಇನ್ನೂ ನಿದ್ದೆಯಲ್ಲಿ.

40 ಆಂಪಿಗೆ ಏರಿಸಬಹುದು. ಆದರೆ ಅದು ನಮ್ಮ ಮನೆಯೊಳಗೇ ಮುಗಿಯುವ ಕೆಲಸವಲ್ಲ. ಕೆಳಗಿನಿಂದ ಮೇಲಿನವರೆಗೆ ಎಲ್ಲ ಮನೆಗಳಿಗೂ ಕರೆಂಟ್ ಕೊಡುವ ಕೇಬಲ್ಲು ಒಂದೇ. ಅದಕ್ಕೆ ತಡೆಯುವ ಶಕ್ತಿ ಇದೆಯಾ ಅಂತ ಕೇಳಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಅರ್ಜಿ ಹಾಕಬೇಕು. ಎಲ್ಲ ಸೇರಿ ಆರು ವಾರ ಹಿಡಿಯಿತು. ಅಷ್ಟರಲ್ಲಿ ಅಪ್ಪ ಊರಿಗೆ ಹೋಗಿಯಾಗಿತ್ತು.

ಏಸಿ ಹಾಕಲು ಬಂದ ಇಬ್ಬರಲ್ಲಿ ಒಬ್ಬ ಪುದುಕ್ಕೋಟೈ ಕಡೆಯ ಹುಡುಗ. ಸೊಂಟಕ್ಕೆ ಬೆಲ್ಟ್ ಬಿಗಿದು, ಹಗ್ಗವನ್ನು ಒಳಗೆ ಕಟ್ಟಿ, ಅಡುಗೆಮನೆಯ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದ. ಒಂಬತ್ತನೇ ಮಹಡಿ. ಹೊಸ ಬ್ಲಾಕುಗಳಲ್ಲಿ ಔಟ್‌ಡೋರ್ ಯೂನಿಟ್, ಅಂದರೆ ಒಳಗಿನ ಸೆಕೆಯನ್ನು ಹೊರಗೆ ಊದುವ ಪೆಟ್ಟಿಗೆ, ಇಡಲು ಕಾಂಕ್ರೀಟಿನ ಕಟ್ಟೆಯೇ ಇರುತ್ತದೆ. ನಮ್ಮಲ್ಲಿ ಅದಿಲ್ಲ, ಗೋಡೆಗೆ ಸ್ಟೇನ್‌ಲೆಸ್ ಸ್ಟೀಲ್ ಬ್ರಾಕೆಟ್ ಹೊಡೆದು ಅದರ ಮೇಲೆ ಕೂರಿಸಬೇಕು. ಹಿಂದಿನ ಮಾಲೀಕರ ಕಾಲದ ಒಂದು ಕಬ್ಬಿಣದ ಬ್ರಾಕೆಟ್ ಅಲ್ಲೇ ಇತ್ತು. ಅವನು ಅದನ್ನು ಬಿಚ್ಚಿ ಒಳಗೆ ಕೊಟ್ಟ. ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಪದರ ಪದರವಾಗಿ ಉದುರಿತು. ಅದರ ಕೆಳಗೆ ಮಕ್ಕಳು ಸೈಕಲ್ ಹೊಡೆಯುವ ಜಾಗ. ನನಗೆ ಹೊಟ್ಟೆಯೊಳಗೆ ಹೇಗೋ ಆಯ್ತು.

ಅವನು ಡ್ರಿಲ್ ಹಿಡಿದು ನಿಂತಿದ್ದಾಗಲೇ ಪಕ್ಕದ ಮನೆಯ ಆಂಟಿಯ ಕಿಟಕಿ ಕಂಡಿದ್ದು.

ಇಲ್ಲಿ ವಯಸ್ಸಾದವರೆಲ್ಲ ಆಂಟಿ, ಅಂಕಲ್. ನಮ್ಮ ಆಂಟಿಗೆ 81. ಬ್ಲಾಕ್ ಕಟ್ಟಿದ ವರ್ಷದಿಂದ ಇಲ್ಲೇ ಇದ್ದಾರೆ, ಈಗ ಒಬ್ಬರೇ. ಲಿಫ್ಟು ಎಲ್ಲ ಮಹಡಿಗಳಲ್ಲಿ ನಿಲ್ಲದ ಕಾಲದಲ್ಲಿ ಎರಡು ಕೈಯಲ್ಲೂ ಮಾರ್ಕೆಟ್ ಚೀಲ ಹಿಡಿದು ಮೆಟ್ಟಿಲು ಹತ್ತಿದವರು. ಏಸಿ ಇಲ್ಲ. ಹಗಲೆಲ್ಲ ಮರದ ಬಾಗಿಲು ತೆರೆದಿಟ್ಟು, ಗೇಟಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಾರೆ. ಅವರ ಅಡುಗೆಮನೆಯ ಕಿಟಕಿಗೂ ನಮ್ಮ ಬ್ರಾಕೆಟ್ಟಿಗೂ ಒಂದು ಮಾರು ದೂರವೂ ಇರಲಿಲ್ಲ. ನಮ್ಮ ಮನೆಯ ಸೆಕೆಯನ್ನೆಲ್ಲ ಹೀರಿ ಅವರ ಒಲೆಯ ಪಕ್ಕಕ್ಕೆ ಊದುವ ಹಾಗೆ ಆಗುತ್ತಿತ್ತು.

ನಿಲ್ಲಿಸಿ ಅಂದೆ. ಕಂಪನಿಯವರಿಗೆ ಫೋನ್ ಮಾಡಿದರೆ, ಇದರಲ್ಲಿ ತಪ್ಪೇನೂ ಇಲ್ಲ, ನಿಯಮದ ಪ್ರಕಾರವೇ ಇದೆ ಅಂದರು. ಇರಬಹುದು. ಆದರೆ ಆ ಕಿಟಕಿಯ ಒಳಗೆ ಯಾರಿದ್ದಾರೆ ಅಂತ ನನಗೆ ಗೊತ್ತಲ್ಲ. ಕೊನೆಗೆ ಯೂನಿಟ್ಟನ್ನು ನಮ್ಮ ರೂಮಿನ ಕಿಟಕಿಯ ಕೆಳಗೆ, ಬಯಲಿಗೆ ಮುಖ ಮಾಡಿ ಕೂರಿಸಿದೆವು. ನಾಲ್ಕು ಮೀಟರ್ ತಾಮ್ರದ ಪೈಪು ಜಾಸ್ತಿ ಹಿಡಿಯಿತು, ದುಡ್ಡೂ ಜಾಸ್ತಿ ಆಯ್ತು. ಈಗ ಅದರ ಗುಂಯ್ ಸದ್ದು ನಮ್ಮ ತಲೆದಿಂಬಿನ ಪಕ್ಕವೇ ಕೇಳುತ್ತದೆ. ಅದು ಸರಿಯಾದದ್ದೇ.

ಇಷ್ಟೆಲ್ಲ ನೋಡಿಕೊಂಡರೂ ಒಂದು ತಪ್ಪಾಯ್ತು. ನೀರು ಹೋಗುವ ಪೈಪನ್ನು ಅವರು ಕಿಟಕಿಯ ಹೊರಗೇ ಇಳಿಬಿಟ್ಟು ಹೋಗಿದ್ದರು. ಹಳೆಯ ಬ್ಲಾಕುಗಳಲ್ಲಿ ಬಟ್ಟೆ ಒಣಗಿಸುವುದು ಬಿದಿರಿನ ಗಳುಗಳ ಮೇಲೆ. ಕಿಟಕಿಯ ಹೊರಗೆ ಬಾವುಟದ ಹಾಗೆ ಚಾಚಿಕೊಂಡಿರುತ್ತವೆ. ಮೂರನೇ ದಿನ ಎಂಟನೇ ಮಹಡಿಯ ತಾಯಿ ಮಗನ ಸ್ಕೂಲ್ ಯೂನಿಫಾರ್ಮ್ ಹಿಡಿದು ಬಾಗಿಲಲ್ಲಿ ನಿಂತರು. ಜಗಳಕ್ಕಲ್ಲ. ಬಿಳಿ ಅಂಗಿಯ ಭುಜದ ಮೇಲೆ ಬೂದು ಬಣ್ಣದ ಕಲೆ, ಅದನ್ನು ಸುಮ್ನೆ ತೋರಿಸಿದರು. ನನಗೆ ನಾಚಿಕೆಯಾಯ್ತು. ಕಂಪನಿಯವರಿಗೆ ಮೂರು ಸಲ ಫೋನ್ ಮಾಡಿದ ಮೇಲೆ ಬಂದು, ಪೈಪಿಗೆ ಇಳಿಜಾರು ಕೊಟ್ಟು, ಬಚ್ಚಲಿನ ಕಿಂಡಿಗೆ ಸೇರಿಸಿದರು. ಮೊದಲೇ ಹಾಗೆ ಮಾಡಬೇಕಿತ್ತು.

ಇನ್ನೊಂದು ವಿಷಯ ನಿಧಾನವಾಗಿ ಗೊತ್ತಾಯ್ತು. ಏಸಿ ಬಂದ ಮೇಲೆ ನಮ್ಮ ಬಾಗಿಲು ಮುಚ್ಚಿಕೊಂಡಿತು. ಮೊದಲು ನಮ್ಮ ಒಗ್ಗರಣೆಯ ವಾಸನೆಗೆ ಆಂಟಿ ಕೆಮ್ಮುತ್ತಾ, ಇವತ್ತೇನು ಅಡುಗೆ ಅಂತ ಕೇಳುತ್ತಿದ್ದರು. ಎರಡು ವಾರ ಅವರ ಮುಖವನ್ನೇ ನೋಡಿರಲಿಲ್ಲ ಅಂತ ಒಂದು ದಿನ ಹೊಳೆಯಿತು. ಆವತ್ತಿನಿಂದ ರಾತ್ರಿ ಒಂಬತ್ತರ ತನಕ ಬಾಗಿಲು ತೆರೆದೇ ಇರುತ್ತದೆ, ಹಾಲ್‌ನಲ್ಲಿ ಫ್ಯಾನೇ ಸಾಕು. ಏಸಿ ಮಲಗುವ ಹೊತ್ತಿಗೆ ಮಾತ್ರ.

ಈ ಬೇಸಿಗೆಯಲ್ಲಿ ಆಂಟಿ ಎರಡು ಸಲ ತಲೆಸುತ್ತಿ ಕೂತುಬಿಟ್ಟರು. ಮಲಗುವ ರೂಮಿಗಾದರೂ ಒಂದು ಹಾಕಿಸಿ ಅಂತ ಅವರ ಮಗಳೂ ನಾನೂ ಹಿಂದೆ ಬಿದ್ದಿದ್ದೇವೆ. ಅವರಿಗೆ ಬಿಲ್ಲಿನ ಭಯ. ನಮ್ಮ ರೂಮಿನ ಇನ್ವರ್ಟರ್ ಏಸಿ ಇಡೀ ರಾತ್ರಿ ಓಡಿದರೆ ಮೂರು, ನಾಲ್ಕು ಯೂನಿಟ್ ಕರೆಂಟ್. ಯೂನಿಟ್ಟಿಗೆ ಸುಮಾರು 30 ಸೆಂಟ್ ಹಿಡಿದರೂ ಒಂದು ಡಾಲರ್ ಚಿಲ್ಲರೆ. ಬಿಲ್ ತೋರಿಸಿಯೇ ಹೇಳಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಅವರ ಮೇನ್ ಸ್ವಿಚ್ಚೂ 30 ಆಂಪಿನದೇ. ಮಂಗಳವಾರ ಅದೇ ಎಲೆಕ್ಟ್ರಿಷಿಯನ್ ಬರುತ್ತಿದ್ದಾರೆ. ಅವರ ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಅಂತ ಆಂಟಿ ಆಗಲೇ ನನ್ನನ್ನು ಕೇಳಿಯಾಗಿದೆ.